ಮುಚ್ಚಳ ತೆರೆಯುವ ಮುನ್ನ

ಗಂಜಾಂ, ಪಾಂಡವಪುರ, ನಾಗಮಂಗಲದ ಕಡೆಯಿಂದ ಎಂಎಸ್ಸಿ ಮುಗಿಸಿ ಬೆಂಗಳೂರಿನ ಲ್ಯಾಬ್ ಸೇರುವ ಮಕ್ಕಳು ಕೆಲಸಕ್ಕೆ ಕೈಹಚ್ಚುವ ಮೊದಲೇ ಓದಬೇಕಾದ ಬರಹವೊಂದಿದೆ. ಜೀವಂತ ಕೋಶಗಳನ್ನು ಬೇರ್ಪಡಿಸುವಾಗ ಪಾಲಿಸಬೇಕಾದ ಸುರಕ್ಷತಾ ಮಾನದಂಡ ಅದು. ಕೋಶಮಾಪನದ ಅಂತರರಾಷ್ಟ್ರೀಯ ಸಂಘವಾದ ಐಸ್ಯಾಕ್ 1997ರಲ್ಲಿ ಅದನ್ನು ಮಾರ್ಗಸೂಚಿಯಾಗಿ ತಂದಿತು. 2007ರಲ್ಲಿ ತಿದ್ದಿತು, 2014ರಲ್ಲಿ ಮತ್ತೆ ಹಿಗ್ಗಿಸಿತು.

ಕೋಶಗಳನ್ನು ಅಳೆದು ಎಣಿಸುವ ಯಂತ್ರವಾದ ಫ್ಲೋ ಸೈಟೊಮೀಟರ್ ನಮ್ಮ ಕಡೆ ಪರಿಚಯವಾದದ್ದು ಎಚ್‌ಐವಿ ಇರುವವರ ರೋಗನಿರೋಧಕ ಸಿಡಿ4 ಕೋಶಗಳ ಎಣಿಕೆಯಿಂದ. ಅಲ್ಲಿ ಮಾದರಿ ಯಂತ್ರದ ಕೊಳವೆಯೊಳಗೇ ಹರಿದು ತ್ಯಾಜ್ಯದ ಡಬ್ಬಿ ಸೇರುತ್ತದೆ. ಕೋಶಗಳನ್ನು ಬೇರ್ಪಡಿಸುವ ಯಂತ್ರವಾದ ಸಾರ್ಟರ್ ಹಾಗಲ್ಲ. 70 ಮೈಕ್ರಾನ್‌ನಷ್ಟು ಕಿರಿದಾದ ಮೂತಿಯಿಂದ ದ್ರವವನ್ನು ಒತ್ತಡದಲ್ಲಿ ಚಿಮ್ಮಿಸಿ, ಸೆಕೆಂಡಿಗೆ ಹತ್ತಾರು ಸಾವಿರ ಹನಿಗಳಾಗಿ ಒಡೆದು, ಬೇಕಾದ ಹನಿಗೆ ವಿದ್ಯುದಾವೇಶ ಕೊಟ್ಟು ಟ್ಯೂಬಿನತ್ತ ತಿರುಗಿಸುತ್ತದೆ. ಬೇರ್ಪಟ್ಟ ಕೋಶ ಮತ್ತೆ ಬೆಳೆಯಬೇಕು. ಹಾಗಾಗಿ ಫಾರ್ಮಾಲ್ಡಿಹೈಡ್ ಹಾಕಿ ಸೋಂಕನ್ನು ಕೊಲ್ಲುವಂತಿಲ್ಲ. ಮೂತಿ ಕಟ್ಟಿಕೊಂಡಿತೋ, ಧಾರೆ ಓರೆಯಾಗಿ ಬಡಿದು ಕಣ್ಣಿಗೆ ಕಾಣದ ತುಂತುರು ಏಳುತ್ತದೆ. ಮಾದರಿಯಲ್ಲಿ ಕಾಮಾಲೆಯದೋ ಎಚ್‌ಐವಿಯದೋ ವೈರಸ್ ಇದ್ದರೆ ಅದೂ ಆ ತುಂತುರಿನಲ್ಲೇ ಇರುತ್ತದೆ.

ಈ ಮಾನದಂಡದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು, ಅದು ಯಂತ್ರವನ್ನು ಕೆಟ್ಟ ಗಳಿಗೆಯಲ್ಲೇ ಪರೀಕ್ಷಿಸುವ ರೀತಿ. ಹೊಳೆಯುವ ಕಣಗಳನ್ನು ಹರಿಸಿ, ಧಾರೆಯನ್ನು ಬೇಕೆಂದೇ ಕೆಡಿಸಿ, ಸುತ್ತಲಿನ ಗಾಳಿಯನ್ನು ಸ್ಲೈಡಿನ ಮೇಲೆ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊರಗೆ ಒಂದು ಕಣವೂ ಸಿಗಬಾರದು. ಇದು ಅತಿಯಾಯಿತು ಎನ್ನುವವರು ಮಂಗನ ಕಾಯಿಲೆಯನ್ನು ನೆನೆಯಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಿದ ಆ ರೋಗ ಕಾಡಿಗೆ ಹೋದವರನ್ನಷ್ಟೇ ಹಿಡಿಯಲಿಲ್ಲ, ವೈರಸ್ಸನ್ನು ಅಧ್ಯಯನ ಮಾಡುತ್ತಿದ್ದ ಲ್ಯಾಬಿನವರನ್ನೂ ಹಿಡಿಯಿತು.

ಮಾಸ್ಕು, ಗೌನು, ತರಬೇತಿಯ ಮಾತುಗಳಲ್ಲಿ ತಕರಾರಿಲ್ಲ. ನನ್ನ ತಕರಾರು ಇರುವುದು ಕಾಯುವ ವಿಷಯದಲ್ಲಿ. ಮೂತಿ ಕಟ್ಟಿಕೊಂಡಾಗ ಧಾರೆ ನಿಲ್ಲಿಸಿ, ಯಂತ್ರದೊಳಗಿನ ಗಾಳಿಯನ್ನು ಫಿಲ್ಟರ್ ಪೂರ್ತಿ ಎಳೆದುಕೊಳ್ಳುವ ತನಕ ಅದರ ಮುಚ್ಚಳ ಮುಟ್ಟಬಾರದು. ಕೆಲವೇ ನಿಮಿಷದ ಕೆಲಸ. ಆದರೆ ಸಾರ್ಟರ್ ಸಿಗುವುದು ಗಂಟೆ ಲೆಕ್ಕದ ಬುಕಿಂಗಿನಲ್ಲಿ. ಕೋಶಗಳು ಸಾಯುತ್ತಿರುತ್ತವೆ, ಬಾಡಿಗೆ ಏರುತ್ತಿರುತ್ತದೆ, ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಮುಚ್ಚಳಕ್ಕೆ ಕೈ ಹೋಗುವುದು ಅಜ್ಞಾನದಿಂದಲ್ಲ, ಈ ಅವಸರದಿಂದ. ಯಂತ್ರದ ಬಗ್ಗೆ ಇಷ್ಟು ಕಟ್ಟುನಿಟ್ಟಾದ ಬರಹ ಅವಸರವನ್ನು ಅಳೆಯುವುದಿಲ್ಲ. ಆ ಕೊರತೆಯನ್ನು ನಮ್ಮ ಸಂಸ್ಥೆಗಳೇ ತುಂಬಬಹುದು: ಮೂತಿ ಕಟ್ಟಿಕೊಂಡ ಸಮಯಕ್ಕೆ ಬಾಡಿಗೆ ಹಾಕಬಾರದು, ಕಾದು ಕೂತ ಆಪರೇಟರನ್ನು ತಡಮಾಡಿದೆಯೆಂದು ಕೇಳಬಾರದು.