ತೊಡರು ಕಟ್ಟಿಸಿಕೊಳ್ಳುವ ಮುನ್ನ

ಆಟದ ಬಗ್ಗೆ ಎಂಥ ವಿಮರ್ಶೆ, ಹೊಟ್ಟೆ ತುಂಬಿದವರ ಕೆಲಸ ಅದು ಅನ್ನುವವರು ನಮ್ಮಲ್ಲೇ ಇದ್ದಾರೆ. ಅನ್ನಲಿ. ಆದರೆ ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬಾಡಿಗೆ ರೂಮಿನಲ್ಲಿ, ಕೆಳಗಿನ ಮಂಡಿಯಿಂದ ಬರುವ ಕೊಬ್ಬರಿ ವಾಸನೆ ಕುಡಿಯುತ್ತಾ ಮೂರು ಭಾನುವಾರ ಕೂತು ಆಡಿದ ಒಂದು ಆಟ, ಮೂರನೇ ಭಾನುವಾರ ನಮ್ಮ ಅಪ್ಪ ಯಾರು, ತಾತ ಯಾರು ಅಂತ ಕೇಳಿಬಿಟ್ಟಿತು. ಆಮೇಲೆ ಸುಮ್ಮನಿರೋದು ಹೇಗೆ?

ಗೊತ್ತಿಲ್ಲದವರಿಗೆ ಎರಡು ಮಾತು. ೧೯೭೪ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂತ ಒಂದು ಆಟ ಅಚ್ಚು ಹಾಕಿಸಿದರು. ಚೌಕಾಬಾರದ ಹಾಗೆ ಇದರಲ್ಲಿ ಮನೆ ಸೇರಿ ಹಣ್ಣಾಗುವ ಕಾಯಿಗಳಿಲ್ಲ. ಮೂಡಲಪಾಯದಲ್ಲಿ ಭಾಗವತನಿದ್ದಂತೆ ಒಬ್ಬ ಕತೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು, ಕತ್ತಲ ಗುಹೆಯೋ ರಾಕ್ಷಸನೋ ಎದುರಾದಾಗ ‘ನಾನು ಹಿಂಗೆ ಮಾಡ್ತೀನಿ’ ಅಂತ ಬಾಯಲ್ಲಿ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮುಂದೇನು ಅಂತ ಬರೆದಿಟ್ಟ ಪ್ರಸಂಗವಿಲ್ಲ. ನಮಗೆ ಹಿಡಿಸಿದ್ದೇ ಅದು. ನಮ್ಮ ಹಿರೀಕರಿಗೆ ಯಾವ ಕತೆಯಲ್ಲೂ ‘ನಾನು ಹಿಂಗೆ ಮಾಡ್ತೀನಿ’ ಅನ್ನೋ ಅವಕಾಶ ಇರಲಿಲ್ಲ.

ಇಂಥ ಆಟಗಳಲ್ಲಿ ಗುಪ್ತಕೂಟಗಳು ಬೇಕಾದಷ್ಟು. ‘ಡಂಜನ್ಸ್’ನ ಕಳ್ಳರಿಗೆ ಅವರದ್ದೇ ಗುಟ್ಟಿನ ಭಾಷೆ ಉಂಟು. ೧೯೮೪ರಲ್ಲಿ ಬಂದ ‘ಪ್ಯಾರನೋಯಿಯ’ದಲ್ಲಿ ಪ್ರತಿ ಪಾತ್ರವೂ ಒಂದೊಂದು ಗುಪ್ತಸಂಘಕ್ಕೆ ಸೇರಿದ್ದು, ಹಾಗೆ ಸೇರಿರುವುದೇ ರಾಜದ್ರೋಹ. ಒಳ್ಳೆ ತಮಾಷೆ. ನಮ್ಮನ್ನು ಹೆಚ್ಚು ಕಾಡಿದ್ದು ೧೯೭೮ರ ‘ರೂನ್‌ಕ್ವೆಸ್ಟ್’. ಅಲ್ಲಿ ದೇವರ ಪಂಥವೊಂದರ ದೀಕ್ಷೆ ತಗೊಳ್ಳಬೇಕಾದರೆ ಪರೀಕ್ಷೆ ಗೆಲ್ಲಬೇಕು, ಆಮೇಲೆ ತನ್ನ ಆತ್ಮಬಲದ ಒಂದಂಶವನ್ನು ಶಾಶ್ವತವಾಗಿ ಬಿಟ್ಟುಕೊಡಬೇಕು. ದೀಕ್ಷೆಗೆ ಬೆಲೆ ಇದೆ, ಆ ಬೆಲೆಯನ್ನು ಕೊಡುವವನ ಮೈಯಿಂದಲೇ ಕಿತ್ತುಕೊಳ್ಳುತ್ತಾರೆ ಅನ್ನೋದನ್ನ ಈ ಆಟ ಮುಚ್ಚಿಡದೆ ಲೆಕ್ಕದಲ್ಲಿ ಬರೆದಿದೆ. ಎಷ್ಟೋ ಮಠಗಳಿಗಿಂತ ಪ್ರಾಮಾಣಿಕ.

ಹುಡುಗರು ಈ ಕೂಟಗಳಿಗೆ ಯಾಕೆ ಹಂಬಲಿಸುತ್ತಾರೆ? ಬಾಗಿಲು ತೆರೆಯುವವನು ‘ನಿನಗೇನು ಬರುತ್ತೆ?’ ಅಂತ ಕೇಳುತ್ತಾನೆ, ಅದಕ್ಕೆ. ನಮಗೆ ಗೊತ್ತಿರುವ ಗುಪ್ತಕೂಟ ಹಾಗೆ ಕೇಳೋದಿಲ್ಲ. ಬಾಣಾವರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಮೊದಲು ಹೆಸರು ಕೇಳುತ್ತಾನೆ. ಹೆಸರಿನಿಂದ ತಿಳಿಯಲಿಲ್ಲವೋ, ಊರು. ಊರಿನಿಂದಲೂ ಆಗಲಿಲ್ಲವೋ, ‘ಮನೆ ಯಾವ ಕಡೆ ಬತ್ತದೆ?’ ಅಂತಾನೆ. ಉತ್ತರ ಕೇಳಿದ ಮೇಲೆ ಅವನ ಮೊಣಕೈ ಒಂದಂಗುಲ ಆಚೆ ಸರಿಯುತ್ತದಲ್ಲ, ಅದು ಆ ಕೂಟದ ಸಂಕೇತ. ಅದಕ್ಕೆ ದೀಕ್ಷೆಯೂ ಬೇಡ, ಪರೀಕ್ಷೆಯೂ ಬೇಡ. ಹುಟ್ಟಿದರೆ ಸಾಕು.

ನಮ್ಮ ಆಟ ಹಳೇಬೀಡಿನಲ್ಲಿ ನಡೆಯಿತು. ಅಂದರೆ ಕತೆಯೊಳಗಿನ ಹಳೇಬೀಡು, ಅದಿನ್ನೂ ದೋರಸಮುದ್ರವಾಗಿದ್ದ ಕಾಲ. ಕತೆ ನಡೆಸಿದವನು ಇಂಜಿನಿಯರಿಂಗ್ ಓದಿದ ಗೆಳೆಯ. ರಾಜಧಾನಿಯನ್ನು ಒಳಗಿಂದೊಳಗೆ ಕಾಯುವ ಒಂದು ಶಿಲ್ಪಿಗಳ ಗುಪ್ತಸಂಘವನ್ನು ಹೊಸೆದಿದ್ದ. ಎರಡು ಭಾನುವಾರ ನಾವು ಆ ಸಂಘದ ಜಾಡು ಹಿಡಿದು ಕೆರೆ ಏರಿಯ ಮೇಲೆ ಅಲೆದೆವು, ಪೆಟ್ಟು ತಿಂದೆವು, ಒಬ್ಬ ಬೇಹುಗಾರನನ್ನು ಉಳಿಸಿದೆವು. ಮೂರನೆಯ ಭಾನುವಾರ ದೀಕ್ಷೆ. ರೂಮಿನ ದೀಪ ಆರಿಸಿ, ಮೇಣದ ಬತ್ತಿ ಹಚ್ಚಿ, ಅವನು ಬರೆದು ತಂದಿದ್ದ ಮಾತನ್ನು ಇಪ್ಪತ್ತು ನಿಮಿಷ ಓದಿದ. ನಾವು ಕಣ್ಣುಕಟ್ಟಿದ ಪಾತ್ರಗಳಾಗಿ ಕೇಳಿಸಿಕೊಂಡೆವು. ಮಾಡುವುದಕ್ಕೆ ಏನೂ ಇರಲಿಲ್ಲ. ದಾಳ ನೆಲದ ಮೇಲೆ ಬಿದ್ದಿತ್ತು. ಇಂಥ ದೃಶ್ಯ ಕೆಡುವುದು ಇಲ್ಲೇ: ಆಡುವವರನ್ನು ಪ್ರವಚನ ಕೇಳುವ ಭಕ್ತರನ್ನಾಗಿ ಕೂರಿಸಿಬಿಡೋದು. ‘ಒಲ್ಲೆ’ ಅನ್ನಲು ಜಾಗವಿಲ್ಲದ ಮೇಲೆ ‘ಹೂಂ’ ಅನ್ನೋದಕ್ಕೆ ಕಿಮ್ಮತ್ತೇನು?

ಕೊನೆಗೆ ಸಂಘದ ಹಿರಿಯ ಕೇಳಿದ: ‘ನಿನ್ನ ಗೋತ್ರ ಹೇಳು, ಮೂರು ತಲೆಮಾರು ಹೇಳು.’

ನಮ್ಮ ಪಾತ್ರ ಕಲ್ಲು ಹೊರುವವನು. ಗೋತ್ರ ಎಲ್ಲಿಂದ ತರೋದು? ಸುಳ್ಳು ಹೇಳಬಹುದಿತ್ತು, ದಾಳ ಹಾಕಿದ್ದರೆ ದಕ್ಕುತ್ತಿತ್ತೋ ಏನೋ. ಆದರೆ ಆ ಹೊತ್ತಿಗೆ ಕೇಳಿದ್ದು ಪಾತ್ರವನ್ನು ಅಂತ ನಮಗೆ ಅನ್ನಿಸಲಿಲ್ಲ. ಮಾತು ನಿಂತಿತು. ಯಾರೋ ಎದ್ದು ದೀಪ ಹಾಕಿದರು.

ಗೆಳೆಯ ಕೆಟ್ಟವನಲ್ಲ. ನಮ್ಮ ಜೊತೆ ಒಂದೇ ತಟ್ಟೇಲಿ ಉಂಡವನು, ಅವತ್ತು ಅವನ ಮುಖ ಬಿಳಿಚಿಕೊಂಡಿತು. ‘ದೀಕ್ಷೆ ಅಂದ್ರೆ ಹಂಗೇ ಅಲ್ವೇನೋ ಇರೋದು’ ಅಂದ. ಈ ಮಾತಿಗೇ ಈ ಲೇಖನ. ದೀಕ್ಷೆ ಅಂದರೆ ಉಪನಯನ, ಗುಟ್ಟು ಅಂದರೆ ಕಿವಿಯಲ್ಲಿ ಊದುವ ಮಂತ್ರ ಅಂತ ಕಲ್ಪನೆಯೇ ತೀರ್ಮಾನಿಸಿಕೊಂಡುಬಿಟ್ಟಿದೆ. ಬೇರೆ ದೀಕ್ಷೆಗಳು ಇರಲಿಲ್ಲವೆ? ಮಂಟೇಸ್ವಾಮಿಯ ಕತೆಯಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗಬೇಕಾಯಿತು. ಅಲ್ಲಿ ಪರೀಕ್ಷೆ ಅಂದರೆ ಕೆಲಸ, ಕುಲದ ಪಟ್ಟಿಯಲ್ಲ. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಬೋಧಿಸಿದ ೨೨ ಪ್ರತಿಜ್ಞೆಗಳಲ್ಲಿ ಗುಟ್ಟು ಅನ್ನೋದು ಒಂದೂ ಇಲ್ಲ. ಬಟ್ಟಬಯಲು, ಎಲ್ಲರಿಗೂ ಕೇಳುವ ಹಾಗೆ. ಬಾಗಿಲೇ ಇಲ್ಲದ ದೀಕ್ಷೆ ಅದು.

ಮುಂದಿನ ವಾರ ಗೆಳೆಯನನ್ನೂ ಕರಕೊಂಡು ಜಾವಗಲ್ ಮೇಲಿನ ಬಸ್ಸು ಹಿಡಿದು ಹಳೇಬೀಡಿಗೇ ಹೋದೆವು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ, ಜನ ಜಾತ್ರೆ. ಎಲ್ಲರೂ ಗೋಡೆಯ ಶಿಲ್ಪ ನೋಡುತ್ತಾರೆ. ಹೊಯ್ಸಳೇಶ್ವರನ ಗುಡಿಯ ದಕ್ಷಿಣಕ್ಕೆ ಒಂದು ಕಂಬವಿದೆ, ಗರುಡಗಂಬ. ಅದರ ಮೇಲೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರನ್ನು ಕೆತ್ತಿದ್ದಾರೆ. ೧೨೨೦ರಲ್ಲಿ ಇಮ್ಮಡಿ ವೀರಬಲ್ಲಾಳ ಸತ್ತಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಮತ್ತು ತನ್ನ ಪಡೆಯವರ ಸಮೇತ ಪ್ರಾಣ ಕೊಟ್ಟ ಕತೆ ಅದು. ಇವರು ಗರುಡರು, ಲೆಂಕರು. ಒಡೆಯ ಸತ್ತರೆ ಬದುಕಿರೋದಿಲ್ಲ ಅಂತ ಭಾಷೆ ಕೊಟ್ಟವರು. ಆ ಭಾಷೆಯ ಗುರುತು ಕಾಲಿಗೆ ಕಟ್ಟುವ ತೊಡರು. ತೊಡರು ಅಂದರೆ ಬಿರುದಿನ ಕಡಗ. ಕನ್ನಡದಲ್ಲಿ ಕಾಲಿಗೆ ಸಿಕ್ಕಿಕೊಳ್ಳುವುದಕ್ಕೂ ಇದೇ ಮಾತು, ಭಾಷೆಗೆ ಎಲ್ಲ ಗೊತ್ತಿರುತ್ತೆ.

ಗೆಳೆಯ ಕಂಬದ ಎದುರು ನಿಂತು ‘ಇದೇ ನಮ್ಮ ಆಟಕ್ಕೆ ಬೇಕಾಗಿದ್ದು’ ಅಂದ. ನಮಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ. ಆದರೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲೂ ಇಂಥ ಗರುಡರ ಕಂಬಗಳಿವೆ. ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ದೊರೆಗಳ ಜೊತೆ ಸತ್ತದ್ದು ಅಲ್ಲಿನ ಶಾಸನದಲ್ಲಿದೆ. ಹೆಂಡಿರ ಜೊತೆ ದಾಸಿಯರೂ ಆಳುಗಳೂ ಸತ್ತರು ಅಂತಲೂ ಇದೆ. ಗರುಡನಿಗೆ ದೊರೆ ತೊಡರು ಕಟ್ಟಿದ. ದಾಸಿಯನ್ನು ಯಾರು ಕೇಳಿದರು? ‘ಡಂಜನ್ಸ್’ ಆಟದಲ್ಲೂ ಪಂಜು ಹಿಡಿಯುವ ಕೂಲಿಯಾಳುಗಳಿರುತ್ತಾರೆ. ಗುಹೆಯಲ್ಲಿ ಮೊದಲು ಸಾಯೋರು ಅವರೇ. ಅವರಿಗೆ ಹೆಸರಿಡಲೂ ಯಾರೂ ಪುರುಸೊತ್ತು ಮಾಡಿಕೊಳ್ಳೋದಿಲ್ಲ. ದೀಕ್ಷೆಯ ದೃಶ್ಯ ಕಟ್ಟುವವರು ಒಳಗೆ ಕರೆಸಿಕೊಂಡವನ ಮುಖಕ್ಕೆ ದೀಪ ಹಿಡಿಯುತ್ತಾರೆ, ಸರಿ. ಆ ದೀಪ ಹಿಡಿದುಕೊಂಡು ನಿಂತ ಕೈ ಯಾರದು ಅಂತಲೂ ಹೇಳಬೇಕು.

ಹಳೇಬೀಡಿನಿಂದ ಬೇಲೂರು ಹದಿನಾರು ಕಿಲೋಮೀಟರು. ಬಸ್ಸಿನಲ್ಲಿ ನಮ್ಮೊಳಗಿನ ಮೇಷ್ಟ್ರು ಹಳೇ ಮೈಸೂರು ಗೆಜೆಟಿಯರಿನಲ್ಲಿ ಓದಿದ್ದ ಕತೆ ತೆಗೆದರು. ಚೆನ್ನಿಗರಾಯ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಬಾಬಾಬುಡನ್ ಬೆಟ್ಟದಲ್ಲಿರುವ ದೇವಿಯನ್ನು ನೋಡಲು ಹೋಗುತ್ತಾನಂತೆ. ಚಪ್ಪಲಿ ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಮಾದಿಗರ ಕನಸಿಗೆ ಬರುತ್ತಾನಂತೆ. ಅವರು ಹೊಸ ಜೋಡು ಹೊಲಿದು ತಂದಾಗ ಗುಡಿಯ ಅಂಗಳದವರೆಗೆ ಬಿಡುತ್ತಿದ್ದರಂತೆ.

ನಾಲ್ಕನೇ ಭಾನುವಾರದ ಆಟ ಇದರಿಂದ ಎದ್ದಿತು. ಶಿಲ್ಪಿಗಳ ಸಂಘ ಹೋಯಿತು, ಚಪ್ಪಲಿ ಹೊಲಿಯುವವರ ಸಂಘ ಬಂತು. ಅದಕ್ಕೆ ಮಂತ್ರ ಇಲ್ಲ, ದೇವರ ಪಾದದ ಅಳತೆಯೇ ಗುಟ್ಟು. ಅರ್ಧ ಅಳತೆ ಒಬ್ಬ ಆಟಗಾರನಿಗೆ, ಅರ್ಧ ಇನ್ನೊಬ್ಬನಿಗೆ ಚೀಟಿಯಲ್ಲಿ ಬರೆದುಕೊಟ್ಟು ಬೇರೆ ಬೇರೆ ಕೂರಿಸಿದೆವು. ಒಬ್ಬ ಎಡಗಾಲಿನದು, ಒಬ್ಬ ಬಲಗಾಲಿನದು ಹೊಲಿಯಬೇಕು, ಜೋಡಿ ಕೂಡಬೇಕು. ಗೆಳೆಯ ಭಾಷಣ ಬರೆದು ತರಲಿಲ್ಲ. ಏನು ಕಳಕೊಳ್ಳುತ್ತೀಯ ಅಂತ ಮೊದಲೇ ಹೇಳಿದ: ಸಂಘಕ್ಕೆ ಸೇರಿದರೆ ಆಮೇಲೆ ಬೇರೆ ಯಾರ ಕಾಲಿಗೂ ಹೊಲಿಯುವಂತಿಲ್ಲ. ಸೇರ್ತೀಯಾ ಅಂತ ಕೇಳಿ, ಬಾಯಿ ಮುಚ್ಚಿಕೊಂಡು ಕಾದ. ಅವನು ಕತೆ ನಡೆಸಿದ್ದರಲ್ಲಿ ಅತ್ಯುತ್ತಮ ಗಳಿಗೆ ಆ ಕಾದದ್ದು.

ಎಡಗಾಲಿನವನು ಸೇರಿದ. ದಾಳ ಒಳ್ಳೇದು ಬಿತ್ತು, ಚಪ್ಪಲಿ ಅಂದವಾಗಿ ಬಂತು. ಬಲಗಾಲು ಮೇಷ್ಟ್ರ ಪಾತ್ರದ್ದು. ಅವರೂ ಹೊಲಿದರು, ಅಳತೆ ಕೂಡಿತು. ಇಬ್ಬರೂ ಬೇಲೂರಿನ ಅಂಗಳಕ್ಕೆ ಬಂದು ನಿಂತರು. ಪೂಜಾರಿ ಬಂದು ಜೋಡಿಗೆ ಕೈ ಚಾಚಿದ.

‘ಇದು ಒಳಕ್ಕೆ ಹೋಗುತ್ತೆ, ನಾನು?’ ಅಂದರು ಮೇಷ್ಟ್ರು.

‘ನೀನು ಇಲ್ಲೇ’ ಅಂದ ಗೆಳೆಯ, ಪೂಜಾರಿಯ ದನಿಯಲ್ಲಿ. ಹೇಳುವಾಗ ಅವನ ದನಿ ಸ್ವಲ್ಪ ನಡುಗಿತು.

ಮೇಷ್ಟ್ರು ದಾಳ ಮುಟ್ಟಲಿಲ್ಲ. ‘ಹಂಗಾದ್ರೆ ನಾನು ಚಪ್ಪಲಿ ತಗೊಂಡು ಹೊಂಟೆ’ ಅಂದರು. ಎಡಗಾಲಿನ ಚಪ್ಪಲಿ ಅಂಗಳದ ಕಲ್ಲಿನ ಮೇಲೆ ಒಂಟಿಯಾಗಿ ಉಳೀತು. ಕೆಳಗೆ ಮಂಡಿಯವರು ಬಾಗಿಲು ಎಳೆಯುವ ಸದ್ದು ಕೇಳಿಸುತ್ತಿತ್ತು. ಅವತ್ತು ರಾತ್ರಿ ದೇವರು ಬೆಟ್ಟಕ್ಕೆ ಹೋದನೋ ಇಲ್ಲವೋ ಅನ್ನೋದನ್ನ ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.