ಸಮುದ್ರದ ಗಡಿ, ಎರಿ ಹೊಲದ ಮಳೆ

ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲದಲ್ಲಿ ಹೆಸರು ಬಿತ್ತಿದ ರೈತನಿಗೆ ಮಳೆಯ ಖಾತ್ರಿ ಸುದ್ದಿ ಎರಡು ಸಲ ಬೇಕು. ಬಿತ್ತುವಾಗ ಒಮ್ಮೆ, ಕಾಯಿ ಬಿಡಿಸುವಾಗ ಇನ್ನೊಮ್ಮೆ. ಆಗಸ್ಟಿನಲ್ಲಿ ಕಾಯಿ ಕಪ್ಪಾಗಿ ಒಣಗಿ ನಿಂತ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದರೆ ಕಾಳು ಗಿಡದ ಮೇಲೆಯೇ, ಸಿಪ್ಪೆಯೊಳಗೇ ಮೊಳಕೆ ಒಡೆಯುತ್ತದೆ. ಬಿಡಿಸೋಣವೆಂದರೆ ಎರಿ ಮಣ್ಣು ಮೊಣಕಾಲಿನವರೆಗೆ ಮೆತ್ತಿಕೊಂಡು ಆಳುಗಳು ಹೊಲಕ್ಕೆ ಇಳಿಯುವಂತಿಲ್ಲ. ಒಂದು ವಾರ ಮೊದಲು ಗೊತ್ತಾಗಿದ್ದರೆ ಅರ್ಧ ಬೆಳೆಯಾದರೂ ಕೈಗೆ ಬರುತ್ತಿತ್ತು.

ಆ ಒಂದು ವಾರದ ಸುದ್ದಿ ಹುಟ್ಟುವುದು ಸಮುದ್ರದಲ್ಲಿ. ಮುಂಗಾರಿನ ನಡುವೆ ಬರುವ ಬಿಡುವು, ಮತ್ತೆ ಹಿಡಿಯುವ ಮಳೆ, ಇವೆರಡರ ಏರಿಳಿತ ಸಮಭಾಜಕದ ಹತ್ತಿರದ ಹಿಂದೂ ಮಹಾಸಾಗರದಲ್ಲಿ ಶುರುವಾಗಿ 30ರಿಂದ 60 ದಿನಗಳ ಲಯದಲ್ಲಿ ಉತ್ತರಕ್ಕೆ ಸರಿಯುತ್ತದೆ. ಬಂಗಾಳ ಕೊಲ್ಲಿಯ ಮೇಲ್ಪದರದ ನೀರು ಎಷ್ಟು ಬೆಚ್ಚಗಿದೆ, ಎಷ್ಟು ಉಪ್ಪಾಗಿದೆ ಎಂಬುದರ ಮೇಲೆ ವಾಯುಭಾರ ಕುಸಿತಗಳ ಬಲ ನಿಂತಿದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಕೊಡುವ ನಾಲ್ಕು ವಾರಗಳ ಮುನ್ನೋಟಕ್ಕೆ ಸಮುದ್ರದ ಆರಂಭದ ಸ್ಥಿತಿಯನ್ನು ಒದಗಿಸುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ಆ ಸ್ಥಿತಿ ತಿಳಿಯಲು ಬೇಕಾದ ಅಳತೆಗಳನ್ನು ಯಾರು, ಎಲ್ಲಿ, ಯಾರ ಅಪ್ಪಣೆ ಪಡೆದು ಮಾಡಬೇಕೆಂದು ಹೇಳುವುದು ಮಾತ್ರ ವಿಜ್ಞಾನವಲ್ಲ. ಅದನ್ನು ಹೇಳುವುದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 13ನೇ ಭಾಗ. ಇದನ್ನು ನಾವು ಕರಾವಳಿಯವರ, ನೌಕಾಪಡೆಯವರ ವಿಷಯವೆಂದು ಬಿಟ್ಟುಕೊಟ್ಟಿದ್ದೇವೆ. ಒಣಬೇಸಾಯದ ಕಡೆಯಿಂದ ಓದಿದರೆ ಅದರ ಗುಣ, ದೋಷ ಬೇರೆಯಾಗಿಯೇ ಕಾಣುತ್ತವೆ.

ಮೊದಲು ಗುಣ. 1960ರ ದಶಕದ ಮೊದಲಾರ್ಧದಲ್ಲಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ ನಡೆದಾಗ ಸುಮಾರು 40 ಹಡಗುಗಳು ಹೆಚ್ಚಿನ ಅಡ್ಡಿಯಿಲ್ಲದೆ ಈ ನೀರಿನಲ್ಲಿ ಓಡಾಡಿದವು. ಅದರ ಫಲವಾಗಿ 1966ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಆದರೆ ಆ ಕಾಲದಲ್ಲಿ ಹಡಗು, ಉಪಕರಣ, ಪ್ರಯೋಗಾಲಯ ಎಲ್ಲವೂ ಶ್ರೀಮಂತ ದೇಶಗಳ ಕೈಯಲ್ಲೇ ಹೆಚ್ಚು. ಆಗಷ್ಟೇ ಸ್ವತಂತ್ರವಾದ ದೇಶಗಳಿಗೆ ತಮ್ಮ ದಂಡೆಯ ಮುಂದಿನ ಮೀನು, ಎಣ್ಣೆ, ಖನಿಜಗಳ ಲೆಕ್ಕ ಬೇರೆಯವರ ಕಡತಕ್ಕೆ ಮೊದಲು ಸೇರೀತೆಂಬ ಭಯವಿತ್ತು, ಮತ್ತು ಆ ಭಯಕ್ಕೆ ಆಧಾರವೂ ಇತ್ತು. ಹೀಗಾಗಿ ಒಪ್ಪಂದ ದಂಡೆಯಿಂದ 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ ಸಂಶೋಧನೆಗೆ ಕರಾವಳಿ ದೇಶದ ಒಪ್ಪಿಗೆ ಕಡ್ಡಾಯ ಮಾಡಿತು. ಆ ದೇಶದ ವಿಜ್ಞಾನಿಗಳಿಗೆ ಹಡಗಿನಲ್ಲಿ ಜಾಗ, ದತ್ತಾಂಶದಲ್ಲಿ ಪಾಲು ಸಿಗಬೇಕೆಂದೂ ಬರೆಯಿತು. ಇದು ನ್ಯಾಯವಾದ ನಿಯಮ, ಇದನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ.

ದೋಷ ಇರುವುದು ಅದರ ಹೊಲಿಗೆಯಲ್ಲಿ. ಯಾವುದು 'ಸಾಗರ ವೈಜ್ಞಾನಿಕ ಸಂಶೋಧನೆ' ಎಂದು ಒಪ್ಪಂದ ಎಲ್ಲಿಯೂ ಹೇಳುವುದಿಲ್ಲ. ತಳ ಕೊರೆದು ಎಣ್ಣೆ ಹುಡುಕುವವನೂ, ನೀರಿನ ಉಷ್ಣತೆ ಅಳೆಯುವವನೂ ಒಂದೇ ಬಾಗಿಲಲ್ಲಿ ನಿಲ್ಲಬೇಕು. ಮಾಮೂಲಿ ಸಂದರ್ಭದಲ್ಲಿ ಒಪ್ಪಿಗೆ ಕೊಡಬೇಕು, ಸಂಪತ್ತಿನ ಶೋಧಕ್ಕೆ ನೇರ ಸಂಬಂಧವಿದ್ದರೆ ನಿರಾಕರಿಸಬಹುದು ಎನ್ನುತ್ತದೆ 246ನೇ ವಿಧಿ. ಆರು ತಿಂಗಳು ಮೊದಲು ವಿವರ ಕೊಟ್ಟು, ನಾಲ್ಕು ತಿಂಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆಯಿದೆ ಎಂದುಕೊಂಡು ಹೊರಡಬಹುದು ಎನ್ನುತ್ತದೆ 252ನೇ ವಿಧಿ. ಓದಲು ಉದಾರವಾಗಿದೆ. ಆದರೆ ಯುದ್ಧನೌಕೆಗಳು ಕಾವಲಿರುವ ನೀರಿಗೆ, ಬರೀ ಮೌನವನ್ನು ನಂಬಿ ಸಂಶೋಧನಾ ಹಡಗು ಒಯ್ಯುವ ಧೈರ್ಯ ಯಾವ ಸಂಸ್ಥೆಗಿದ್ದೀತು? ನಿರಾಕರಣೆ ತಪ್ಪೆನಿಸಿದರೂ ಕಡ್ಡಾಯ ನ್ಯಾಯತೀರ್ಮಾನಕ್ಕೆ ಕರಾವಳಿ ದೇಶವನ್ನು ಎಳೆಯುವಂತಿಲ್ಲ, 297ನೇ ವಿಧಿ ಆ ಬಾಗಿಲನ್ನೂ ಮುಚ್ಚಿದೆ. ಇನ್ನೊಂದು ವಿಚಿತ್ರವಿದೆ. ಸಾಗುವ ಹಡಗು ದಾರಿಯಲ್ಲಿ ಮಾಡುವ ಹವಾಮಾನ ವೀಕ್ಷಣೆಗೆ ಈ ಅನುಮತಿ ಬೇಡವೆಂಬ ತಿಳಿವಳಿಕೆ ಒಪ್ಪಂದದ ಮಾತುಕತೆಯ ಕಾಲದಿಂದಲೇ ಇದೆ. ಅಲೆಯ ಮೇಲಿನ ಗಾಳಿ ಅಳೆದರೆ ಹವಾಮಾನ, ಅಲೆಯ ಕೆಳಗಿನ ನೀರು ಅಳೆದರೆ ಸಂಶೋಧನೆ! ಮುಂಗಾರು ಹೀಗೆ ಎರಡು ಖಾನೆಯಲ್ಲಿ ಹುಟ್ಟುವುದಿಲ್ಲ.

2000ದ ಸುಮಾರಿಗೆ ಶುರುವಾದ ಆರ್ಗೋ ತೇಲುಯಂತ್ರಗಳು ಈ ಗೊಂದಲವನ್ನು ಎತ್ತಿ ತೋರಿಸಿದವು. ಆಳೆತ್ತರದ ಕೊಳವೆಯೊಂದು 1000 ಮೀಟರ್ ಆಳದಲ್ಲಿ ತೇಲುತ್ತ ಸಾಗಿ, ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಉಷ್ಣತೆ ಮತ್ತು ಉಪ್ಪಿನಂಶ ಅಳೆಯುತ್ತ ಮೇಲೆದ್ದು ಉಪಗ್ರಹಕ್ಕೆ ಕಳಿಸುತ್ತದೆ. ಜಗತ್ತಿನಾದ್ಯಂತ ಈಗ ಇಂಥವು ಸುಮಾರು 4000 ಇವೆ. ಅದಕ್ಕೆ ಚುಕ್ಕಾಣಿ ಇಲ್ಲ, ಪ್ರವಾಹ ಒಯ್ದಲ್ಲಿಗೆ ಹೋಗುತ್ತದೆ, ಒಂದು ದಿನ ಯಾರದೋ ವಲಯದೊಳಗೆ ಏಳುತ್ತದೆ. ಯುನೆಸ್ಕೋದ ಅಂತರಸರ್ಕಾರಿ ಸಾಗರವಿಜ್ಞಾನ ಆಯೋಗ 1999ರಲ್ಲಿ, ಯಂತ್ರ ತೇಲಿ ಬರಬಹುದಾದ ದೇಶಕ್ಕೆ ಮುಂಚೆ ತಿಳಿಸಿದರೆ ಸಾಕೆಂದು ನಿರ್ಣಯಿಸಿತು. 2008ರ ಮಾರ್ಗಸೂಚಿ ಕರಾವಳಿ ದೇಶಗಳ ಆಕ್ಷೇಪಗಳಿಗೆ ಜಾಗ ಕೊಟ್ಟಿತು. 2018ರಲ್ಲಿ ಆಮ್ಲಜನಕ, ನೈಟ್ರೇಟ್, ಕ್ಲೋರೋಫಿಲ್ ಸೇರಿದಂತೆ ಆರು ಹೊಸ ಅಳತೆಗಳಿಗೂ ಇದೇ ವ್ಯವಸ್ಥೆ ವಿಸ್ತರಿಸಿತು. 13ನೇ ಭಾಗದ ಒಂದಕ್ಷರವನ್ನೂ ಬದಲಿಸದೆ ಮಾಡಿದ ಈ ಸುಧಾರಣೆಯನ್ನು ನಾನು ಬಹಳ ಮೆಚ್ಚುತ್ತೇನೆ. ತಿಳಿಸುವುದಕ್ಕೂ ಅಪ್ಪಣೆ ಬೇಡುವುದಕ್ಕೂ ಇರುವ ಅಂತರ ಎಷ್ಟು ಕೆಲಸಕ್ಕೆ ಬರುತ್ತದೆಂದು ಅದು ತೋರಿಸಿಕೊಟ್ಟಿತು.

ಹಡಗುಗಳಿಗೆ ಮಾತ್ರ ಅಂಥ ರಿಯಾಯಿತಿ ಸಿಗಲಿಲ್ಲ. 2016ರ ಜೂನ್–ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಅವರ ತಂಡ, ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರ ಜೊತೆ, 'ಸಿಂಧು ಸಾಧನ' ಹಡಗಿನಲ್ಲಿ ಬಂಗಾಳ ಕೊಲ್ಲಿಯ ದಕ್ಷಿಣಕ್ಕೆ ಹೋಯಿತು. ಬಾಬಲ್ ಎಂದು ಹೆಸರಾದ ಯೋಜನೆ ಅದು. ಅರಬ್ಬೀ ಸಮುದ್ರದ ಉಪ್ಪುನೀರು ಮುಂಗಾರು ಪ್ರವಾಹದ ಜೊತೆ ಕೊಲ್ಲಿಯೊಳಗೆ ಹೇಗೆ ನುಗ್ಗುತ್ತದೆ ಎಂಬುದು ಅವರು ಹುಡುಕಿದ ಪ್ರಶ್ನೆಗಳಲ್ಲಿ ಒಂದು. ಅವರು ಅಳೆದ ಗೆರೆ 8 ಡಿಗ್ರಿ ಉತ್ತರ ಅಕ್ಷಾಂಶದ ಉದ್ದಕ್ಕೆ, 85.3 ಡಿಗ್ರಿ ಪೂರ್ವದಿಂದ 89ರವರೆಗೆ. ನಕ್ಷೆ ಹಾಸಿ ಅಳೆದರೆ ಆ ಗೆರೆ ಶುರುವಾಗುವುದು ಶ್ರೀಲಂಕಾದ ದಂಡೆಯಿಂದ ಸರಿಸುಮಾರು 200 ನಾಟಿಕಲ್ ಮೈಲಿ ಆಚೆ, ಅಂದರೆ ಆ ದೇಶದ ವಲಯದ ಅಂಚಿಗೆ. ಅದೇ ಪ್ರವಾಹದ ಮಗ್ಗುಲಲ್ಲಿ ತಣ್ಣೀರು ಮೇಲೇಳುವ 'ಶ್ರೀಲಂಕಾ ಡೋಮ್' ಇದೆ. ಅದರ ನಡುಭಾಗ ಬೀಳುವುದು ಅಂಚಿನ ಒಳಗೆ, 83 ಡಿಗ್ರಿಯ ಆಸುಪಾಸು. ಪ್ರವಾಹಕ್ಕೂ ಡೋಮಿಗೂ ಈ ಗಡಿ ಗೊತ್ತಿಲ್ಲ. ಹಡಗಿನ ನಕ್ಷೆ ಬರೆಯುವವರಿಗೆ ಮಾತ್ರ ಗೊತ್ತಿರಲೇಬೇಕು. ಇಂಥ ಯಾನಗಳಿಂದ ಹೊರಬರುವ ತಿಳಿವಳಿಕೆಯನ್ನೇ ಮುನ್ಸೂಚನೆಯ ಮಾದರಿಗಳಿಗೆ ಹಾಕುವುದು, ಆ ಮಾದರಿಯನ್ನೇ ಅಣ್ಣಿಗೇರಿಯ ರೈತ ನೆಚ್ಚಿಕೊಳ್ಳುವುದು.

ಶ್ರೀಲಂಕಾವನ್ನು ದೂರುವುದು ಸುಲಭ, ಆದರೆ ಇಂಥ ಶಂಕೆ ನಮ್ಮಲ್ಲೂ ಇದೆ. 2022ರಲ್ಲಿ ಚೀನಾದ ಹಡಗು ಯುವಾನ್ ವಾಂಗ್ 5 ಹಂಬನ್‌ತೋಟಕ್ಕೆ ಬಂದಾಗ ಭಾರತ ಕಳವಳ ತೋರಿಸಿತು. 2024ರಲ್ಲಿ ಶ್ರೀಲಂಕಾ ವಿದೇಶಿ ಸಂಶೋಧನಾ ಹಡಗುಗಳಿಗೆಲ್ಲ ಒಂದು ವರ್ಷ ತಡೆ ಹಾಕಿತು. 2019ರಲ್ಲಿ ಅಂಡಮಾನ್ ಹತ್ತಿರ ಅನುಮತಿಯಿಲ್ಲದೆ ಬಂದ ಚೀನಾದ ಶಿ ಯಾನ್ 1 ಸಂಶೋಧನಾ ಹಡಗನ್ನು ನಮ್ಮ ನೌಕಾಪಡೆ ಹೊರಗೆ ಕಳಿಸಿತು, ಕಳಿಸಿದ್ದು ಸರಿಯೇ. ಸಮುದ್ರದ ಪದರಗಳ ಉಷ್ಣತೆ ಗೊತ್ತಿದ್ದರೆ ಶಬ್ದ ಹೇಗೆ ಸಾಗುತ್ತದೆಂದು ಗೊತ್ತಾಗುತ್ತದೆ, ಶಬ್ದ ಗೊತ್ತಿದ್ದರೆ ಜಲಾಂತರ್ಗಾಮಿ ಎಲ್ಲಿ ಅಡಗಬಹುದೆಂದು ಗೊತ್ತಾಗುತ್ತದೆ. ಮಳೆಗೆ ಬೇಕಾದ ಅಂಕಿಯೇ ಯುದ್ಧಕ್ಕೂ ಬೇಕು. ಈ ತೊಡಕು ನಿಜವಾದದ್ದು, ದೇಶದ ಭದ್ರತೆ ನೋಡುವವರು ಹುಚ್ಚರಲ್ಲ.

ಆದರೂ ನಮ್ಮದೇ ಕಾನೂನನ್ನು ಒಮ್ಮೆ ತೆರೆದು ನೋಡಬೇಕು. 1976ರ ಸಾಗರ ವಲಯಗಳ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದ ಪರವಾನಗಿ ಅಥವಾ ಒಪ್ಪಂದವಿಲ್ಲದೆ ಯಾವ ವ್ಯಕ್ತಿಯೂ ಆರ್ಥಿಕ ವಲಯದಲ್ಲಿ ಸಂಪತ್ತು ಹುಡುಕುವಂತಿಲ್ಲ, ಯಾವ ಸಂಶೋಧನೆಯನ್ನೂ ಮಾಡುವಂತಿಲ್ಲ. ಅಂತರರಾಷ್ಟ್ರೀಯ ಒಪ್ಪಂದಕ್ಕಿಂತ ಆರು ವರ್ಷ ಹಿಂದಿನದು ಇದು. 1995ರಲ್ಲಿ ಒಪ್ಪಂದವನ್ನು ಅನುಮೋದಿಸಿದ ಮೇಲೂ 'ಮಾಮೂಲಿ ಸಂದರ್ಭದಲ್ಲಿ ಒಪ್ಪಿಗೆ ಕೊಡಬೇಕು' ಎಂಬ ಅದರ ಅರ್ಧಭಾಗ ನಮ್ಮ ಈ ಸೆಕ್ಷನ್ನಿಗೆ ಇಳಿಯಲಿಲ್ಲ. ನೆರೆಯವರು ಬಾಗಿಲು ತೆರೆಯಲಿ ಎಂದು ಬಯಸುವ ದೇಶದ ಕಾನೂನಿನಲ್ಲಿ ಬಾಗಿಲು ಮುಚ್ಚುವ ಮಾತು ಮಾತ್ರ ಇರಬಾರದು.

2023ರಲ್ಲಿ ಅಂಗೀಕಾರವಾದ, ಭಾರತ 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದ ಹೊಸ ಸಾಗರ ಜೀವವೈವಿಧ್ಯ ಒಪ್ಪಂದ ಇದಕ್ಕೆ ಉತ್ತರವಲ್ಲ. ಅದು ಯಾವ ದೇಶದ ವಲಯಕ್ಕೂ ಸೇರದ ನೀರಿನ ವಿಷಯ. ನಮಗೆ ಬೇಕಾದದ್ದು ಚಿಕ್ಕದು. ಮೀನು, ಖನಿಜ, ತಳದ ನಕ್ಷೆಗೆ ಈಗಿನ ಅಪ್ಪಣೆಯ ಪದ್ಧತಿಯೇ ಇರಲಿ. ಉಷ್ಣತೆ, ಉಪ್ಪಿನಂಶ, ಪ್ರವಾಹದ ಅಳತೆಗೆ ಹೋಗುವ ಜಂಟಿ ಯಾನಗಳಿಗೆ, ಆಯಾ ದೇಶದ ವಿಜ್ಞಾನಿಗಳು ಹಡಗಿನಲ್ಲಿರುವ ಷರತ್ತಿನ ಮೇಲೆ, ಆರ್ಗೋದಂತೆ ಮುಂಚಿತ ಸೂಚನೆ ಸಾಕೆಂದು ಕೊಲ್ಲಿಯ ಸುತ್ತಲಿನ ದೇಶಗಳು ತಮ್ಮೊಳಗೆ ಒಪ್ಪಿಕೊಳ್ಳಬಹುದು. ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್, ಶ್ರೀಲಂಕಾ ಈಗಾಗಲೇ ಪ್ರಾದೇಶಿಕ ಒಕ್ಕೂಟವಾದ ಬಿಮ್‌ಸ್ಟೆಕ್‌ನಲ್ಲಿ ಒಟ್ಟಿಗೆ ಕೂತಿವೆ. ನೋಯ್ಡಾದಲ್ಲಿ ಅದರ ಹವಾಮಾನ ಕೇಂದ್ರವೂ ಇದೆ. ಮೊದಲ ಹೆಜ್ಜೆಯಾಗಿ ದೆಹಲಿ 7ನೇ ಸೆಕ್ಷನ್ನಿಗೆ ಈ ವಿನಾಯಿತಿ ಬರೆದು ಅದೇ ಮೇಜಿನ ಮೇಲೆ ಇಡಲಿ.