ಶಹಾಬಾದು ಕಲ್ಲಿನ ಮನೆಗಳಲ್ಲಿ ವರ್ಣ ಮತ್ತು ಭಾವ

ಗೃಹಾಲಂಕಾರದ ಕೈಪಿಡಿಗಳಲ್ಲಿ ಒಂದು ಮಾತು ಸಿದ್ಧಾಂತದಂತೆ ಮತ್ತೆ ಮತ್ತೆ ಕಾಣಬರುತ್ತದೆ: ಕೆಂಪು ಮನಸ್ಸನ್ನು ಕೆರಳಿಸುತ್ತದೆ, ನೀಲಿ ತಣಿಸುತ್ತದೆ, ಹಳದಿ ಉಲ್ಲಾಸವನ್ನೀಯುತ್ತದೆ, ಬೂದುಬಣ್ಣ ಬೇಸರ ತರುತ್ತದೆ. ತರಗತಿಗಳಲ್ಲಿಯೂ ಇದನ್ನು ಹೀಗೆಯೇ ಬೋಧಿಸುವುದುಂಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳನ್ನು ಮುಂದಿಟ್ಟುಕೊಂಡು ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂದು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ವರ್ಣಕ್ಕೂ ಭಾವಕ್ಕೂ ನಂಟು ಕಲ್ಪಿಸುವುದು ಹೊಸತೇನಲ್ಲ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ ಎಂಬ ಹೊಂದಿಕೆಯಿದೆ. ಕೆಂಪು, ಬೂದುಗಳ ವಿಷಯದಲ್ಲಿ ಕೈಪಿಡಿಗೂ ಭರತನಿಗೂ ಸಾಮ್ಯವುಂಟು. ನೀಲಿಯ ವಿಷಯದಲ್ಲಿ ನೇರ ವಿರೋಧ. ಒಂದೇ ಬಣ್ಣ ಒಂದೆಡೆ ಶಾಂತಿಯನ್ನೂ ಇನ್ನೊಂದೆಡೆ ಜುಗುಪ್ಸೆಯನ್ನೂ ಸೂಚಿಸುವುದಾದರೆ, ಭಾವವು ಬಣ್ಣದಲ್ಲಿಯೇ ಅಡಗಿದೆಯೆಂಬ ವಾದ ಸಡಿಲವಾಗುತ್ತದೆ. ಭರತನಾದರೋ ವರ್ಣಮಾತ್ರದಿಂದ ರಸ ಹುಟ್ಟುವುದೆಂದು ಹೇಳಿದವನಲ್ಲ. ವಿಭಾವಾದಿಗಳು ಕೂಡಿದಾಗಲೇ ಅದರ ಸಿದ್ಧಿ. ಮನೆಯ ಗೋಡೆಯನ್ನು ಕುರಿತು ಆಲೋಚಿಸುವಾಗಲೂ ಈ ವಿವೇಕ ಅಗತ್ಯ.

ಈ ಸೀಮೆಯಲ್ಲಿ ಮೊದಲನೆಯ ವಿಭಾವ ಕಲ್ಲು. ಭೀಮಾ, ಕಾಗಿಣಾ ನದಿಗಳ ಪ್ರದೇಶದಲ್ಲಿ ಪದರು ಪದರಾಗಿ ಏಳುವ ಸುಣ್ಣಕಲ್ಲು 'ಶಹಾಬಾದು ಫರಸಿ' ಎಂದು ದೂರದ ಊರುಗಳಲ್ಲಿಯೂ ಹೆಸರಾಗಿದೆ. ಇಲ್ಲಿ ಅದು ನೆಲಕ್ಕಷ್ಟೇ ಅಲ್ಲದೆ ಗೋಡೆಗೂ ಮಾಳಿಗೆಗೂ ಬಳಕೆಯಾಗಿದೆ. ಅದರ ಬಣ್ಣ ಬಹುಮಟ್ಟಿಗೆ ಬೂದು ಅಥವಾ ನೀಲಿಬೂದು, ಕೆಲವೆಡೆ ನಸುಗೆಂಪು. ಗೋಡೆಗೆ ಬಳಿಯುವ ಸುಣ್ಣವೂ ಸುಣ್ಣಕಲ್ಲನ್ನು ಸುಟ್ಟು ಪಡೆದದ್ದೇ. ಬಳಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ಹೀರಿ ಪುನಃ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಬೂದು ನೆಲ, ಬಿಳಿ ಗೋಡೆಗಳೆರಡೂ ರಸಾಯನದೃಷ್ಟಿಯಿಂದ ಬಹುತೇಕ ಒಂದೇ ವಸ್ತು. ಮೇ ತಿಂಗಳಲ್ಲಿ ೪೦ ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಿನಿಂದ ಒಳಬಂದವರಿಗೆ ಈ ಬೂದು ಕಣ್ಣಿನ ಉರಿಯನ್ನು ಆರಿಸುತ್ತದೆ. ಕಲ್ಲು ಅಂಗಾಲಿಗೆ ತಂಪೆನಿಸುತ್ತದೆ. ಡಿಸೆಂಬರಿನ ನಸುಕಿನಲ್ಲಿ ಅದೇ ನೆಲ ಕೊರೆಯುತ್ತದೆ. ಬಣ್ಣ ಅದೇ ಇದ್ದರೂ ಭಾವ ಬೇರೆಯಾಯಿತು.

ನೆರೆಯ ಬಣ್ಣದ ಪ್ರಭಾವವೂ ಉಂಟು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್, ಅಕ್ಕಪಕ್ಕದ ಬಣ್ಣಗಳು ಒಂದರ ಮೇಲೊಂದು ತಮ್ಮ ಪೂರಕವರ್ಣದ ಛಾಯೆಯನ್ನು ಬೀರುತ್ತವೆಂದು ೧೮೩೯ರ ತನ್ನ ಗ್ರಂಥದಲ್ಲಿ ವಿವರಿಸಿದನು. ಅದರಂತೆ ಹಳದಿ ಗೋಡೆಯ ಬದಿಯಲ್ಲಿ ಈ ನೆಲ ಹೆಚ್ಚು ನೀಲಿಯಾಗಿಯೂ, ನೀಲಿ ಗೋಡೆಯ ಬದಿಯಲ್ಲಿ ತುಸು ಮಾಸಲು ಹಳದಿಯಾಗಿಯೂ ತೋರಬಹುದು. ತಂಪಾಗಲೆಂದು ನೀಲಿ ಬಳಿದವರಿಗೆ ನೆಲ ಕೊಳೆಯಾದಂತೆ ಕಂಡರೆ ಆಶ್ಚರ್ಯವಿಲ್ಲ.

ಎರಡನೆಯ ವಿಭಾವ ಬೆಳಕು. ಬೇಸಗೆಗೆ ಅಂಜಿ ಕಿಟಕಿಗಳನ್ನು ಕಿರಿದಾಗಿಸಿದ ಒಳಕೋಣೆಗಳಲ್ಲಿ ಹೊತ್ತಿಳಿದಂತೆ ಬಣ್ಣಗಳ ಬಲಾಬಲವೇ ಬದಲಾಗುತ್ತದೆ. ಬೆಳಕು ತೀರ ಮಂದವಾದಾಗ ಕೆಂಪು ಬೇಗ ಕಪ್ಪಿಡುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದನ್ನು ಪುರ್ಕಿನ್ಯೆ ೧೮೨೫ರಲ್ಲಿಯೇ ಪ್ರಕಟಿಸಿದ್ದನು. ಅಂಥ ಕೋಣೆಯಲ್ಲಿ ಕೆಂಪು ಗೋಡೆ ಯಾರನ್ನು ಕೆರಳಿಸೀತು? ಚಿಂಚೋಳಿಯ ಕೆಂಪು ಮಣ್ಣಿನ ಭಾಗಗಳಲ್ಲಂತೂ ಕೆಂಪು ದಿನನಿತ್ಯ ಕಾಲಡಿಯಲ್ಲಿರುವ ಬಣ್ಣ. ಸಿಮೆಂಟು ಕಾರ್ಖಾನೆಗಳಿರುವ ವಾಡಿ, ಸೇಡಂಗಳಲ್ಲಿ ಗೋಡೆಯ ಬಿಳುಪನ್ನು ಧೂಳಿನ ಲೆಕ್ಕ ಹಿಡಿಯದೆ ಆರಿಸಲಾಗದು.

ಕೈಪಿಡಿಗಳ ಮಾತು ಪೂರ್ತಿ ಹುಸಿಯೆಂದು ನಮ್ಮ ಅಭಿಪ್ರಾಯವಲ್ಲ. ತಿಳಿಬಣ್ಣ ಕತ್ತಲೆಯ ಕೋಣೆಯನ್ನು ಬೆಳಗುತ್ತದೆ. ಅಲ್ಲಿ ಕುಳಿತು ಓದುವ ಮಗುವಿಗೆ ಅದರಿಂದ ನಿಜವಾದ ಉಪಕಾರವಿದೆ. ಆದರೆ ಬೂದು ಬೇಸರದ ಬಣ್ಣವೆಂಬ ತೀರ್ಪನ್ನು ನಂಬಿ ಫರಸಿಯ ಮೇಲೆ ಹೊಳಪಿನ ಟೈಲ್ಸ್ ಹೊದಿಸುವವರು, ಬಿಸಿಲು ಬಿದ್ದಲ್ಲಿ ಕಣ್ಣು ಕುಕ್ಕುವ ಪ್ರಭೆಯನ್ನು ಒಳಗೆ ಕರೆತರುತ್ತಾರೆ. ಕಲ್ಲು ಬಿಡಿಸಿ ಬದುಕುವವರ ಸರಕಿಗೆ ಅವರ ಊರಿನಲ್ಲಿಯೇ ಬೆಲೆಯಿಲ್ಲದಂತಾಗುವ ಭಯವೂ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಸಮೀಪದ ಕನಗನಹಳ್ಳಿಯಲ್ಲಿ ದೊರೆತ ಬೌದ್ಧಸ್ತೂಪದ ಶಿಲ್ಪಗಳೂ ಸುಣ್ಣಕಲ್ಲಿನವೇ. ಅವುಗಳ ಮುಂದೆ ನಿಂತವರಿಗೆ ಬೇಸರ ಹುಟ್ಟುವುದೆಂದು ಯಾರೂ ಹೇಳಲಾರರು.

ಆದುದರಿಂದ ಈ ವಿಷಯವನ್ನು ಕೈಗೊಳ್ಳುವ ವಿದ್ಯಾರ್ಥಿಗಳು ಕೋಣೆಯ ದಿಕ್ಕು, ಕಿಟಕಿಯ ಅಳತೆ, ನೆಲದ ಕಲ್ಲು, ತಿಂಗಳು ಮತ್ತು ಹೊತ್ತುಗಳನ್ನು ಮೊದಲು ಬರೆದುಕೊಳ್ಳಲಿ. ಬಳಿಕ ಆ ಮನೆಯವರನ್ನು, ಅದರಲ್ಲಿಯೂ ಹಗಲೆಲ್ಲ ಒಳಗಿರುವ ಹೆಂಗಸರನ್ನೂ ವೃದ್ಧರನ್ನೂ, ವಿಚಾರಿಸಲಿ. ಬಣ್ಣವನ್ನು ಕುರಿತ ತೀರ್ಮಾನ ಅನಂತರದ ಮಾತು.